ಕೇಳಿ ಕೇಳಿ ಕಲಿತು ನೇಗಿಲು ಮಾಡಿದವರು



ನಿಮ್ಮ ಬಾವಿಯ ದಡದಲ್ಲಿರುವ ಪಂಪಿನ ಮೈಮೇಲೆ ಅಚ್ಚೊತ್ತಿದ ಹೆಸರನ್ನು ಒಮ್ಮೆ ನೋಡಿ. ಅನೇಕರ ತೋಟದಲ್ಲಿ ಅದು ಕಿರ್ಲೋಸ್ಕರ ಎಂದಿರುತ್ತದೆ. ದಿನ ಬೆಳಗಾದರೆ ಕಣ್ಣಿಗೆ ಬೀಳುವ ಈ ಹೆಸರು ಒಂದು ಮನೆತನದ್ದು. ಆ ಮನೆತನಕ್ಕೆ ಉದ್ಯಮದಲ್ಲಿ ಹೆಸರು ತಂದ ಲಕ್ಷ್ಮಣರಾವ್ ಕಿರ್ಲೋಸ್ಕರರು ಬೆಳಗಾವಿ ಜಿಲ್ಲೆಯ ಸವದತ್ತಿ ತಾಲ್ಲೂಕಿನ ಗುರ್ಲಹೊಸೂರಿನಲ್ಲಿ ಹುಟ್ಟಿದವರು. ಈ ಸಂಗತಿ ನಮ್ಮ ಬಹಳ ಜನಕ್ಕೆ ತಿಳಿದಿಲ್ಲ.

ಅವರಿಗೆ ಇಂಜಿನಿಯರಿಂಗ್ ಪದವಿ ಇರಲಿಲ್ಲ. ವ್ಯಾಪಾರ ಅವರ ಮನೆತನದ ಕಸುಬಲ್ಲ. ಕೈಯಲ್ಲಿ ದೊಡ್ಡ ಬಂಡವಾಳವೂ ಇರಲಿಲ್ಲ. ಆದರೂ ಈ ದೇಶದ ರೈತನ ಕೈಗೆ ಸ್ವದೇಶಿ ಕಬ್ಬಿಣದ ನೇಗಿಲನ್ನು ಕೊಟ್ಟವರಲ್ಲಿ ಅವರು ಮೊದಲಿಗರು. ಇದು ಹೇಗೆ ಸಾಧ್ಯವಾಯಿತು ಎಂಬುದನ್ನು ನೀವು ತಿಳಿಯಬೇಕು. ಏಕೆಂದರೆ ಇಂದು ನಿಮ್ಮ ಊರಿನಲ್ಲಿ ಹಾಲಿನ ಸಂಘ, ರೈತ ಉತ್ಪಾದಕ ಕಂಪನಿ, ಬೆಲ್ಲದ ಘಟಕ ಇವುಗಳನ್ನು ನಡೆಸಲು ಯಾರು ಯೋಗ್ಯರು ಎಂದು ತೀರ್ಮಾನಿಸುವವರು ನೀವೇ.

ಬಣ್ಣ ಕಾಣದ ಚಿತ್ರಕಾರ

ಲಕ್ಷ್ಮಣರಾಯರು ಹುಟ್ಟಿದ್ದು 1869ರ ಜೂನ್ 20ರಂದು. ತಂದೆ ಕಾಶೀನಾಥಪಂತರು ವೇದಾಂತದಲ್ಲಿ ಪಂಡಿತರು. ಮಗನಿಗೆ ಮಾತ್ರ ಶಾಲೆಯ ಪಾಠ ಹಿಡಿಸಲಿಲ್ಲ. ಪುಸ್ತಕಕ್ಕಿಂತ ಚಿತ್ರ ಬರೆಯುವುದು, ಯಾವುದಾದರೂ ಯಂತ್ರ ಸಿಕ್ಕರೆ ಅದರ ಒಳಗೇನಿದೆ ಎಂದು ನೋಡುವುದು, ಇವೇ ಇಷ್ಟ. ಇಂಥ ಹುಡುಗನನ್ನು ಕಂಡರೆ ಇಂದಿಗೂ ನಮ್ಮ ಮನೆಗಳಲ್ಲಿ ತಲೆ ಮೇಲೆ ಕೈ ಹೊತ್ತು ಕೂರುವವರೇ ಹೆಚ್ಚು. ಅವರ ಅಣ್ಣ ರಾಮಚಂದ್ರರಾಯರು, ಎಲ್ಲರೂ ರಾಮುಅಣ್ಣ ಎಂದು ಕರೆಯುತ್ತಿದ್ದವರು, ತಮ್ಮನ ಬೆನ್ನಿಗೆ ನಿಂತರು. ಅಣ್ಣನ ನೆರವಿನಿಂದ ಲಕ್ಷ್ಮಣರಾಯರು ಮುಂಬಯಿಗೆ ಹೋಗಿ ಜೆ. ಜೆ. ಕಲಾಶಾಲೆಗೆ ಸೇರಿದರು.

ಎರಡು ವರ್ಷ ಕಳೆದ ಮೇಲೆ ಒಂದು ಸಂಗತಿ ಬಯಲಾಯಿತು. ಅವರಿಗೆ ಕೆಲವು ಬಣ್ಣಗಳ ಭೇದ ಕಣ್ಣಿಗೆ ತಿಳಿಯುತ್ತಿರಲಿಲ್ಲ. ಬಣ್ಣ ತಿಳಿಯದವನು ಚಿತ್ರಕಾರನಾಗುವುದು ಹೇಗೆ? ಅಲ್ಲಿಗೆ ಆ ದಾರಿ ಮುಚ್ಚಿತು. ಬೇರೆಯವರಾಗಿದ್ದರೆ ಹಣೆಬರಹ ಎಂದು ಊರಿಗೆ ಮರಳುತ್ತಿದ್ದರೋ ಏನೋ. ಯಂತ್ರಗಳ ನಕ್ಷೆ ಬರೆಯುವುದಕ್ಕೆ ಬಣ್ಣ ಬೇಕಿಲ್ಲ, ಗೆರೆ ಸರಿ ಇದ್ದರೆ ಸಾಕು. ಲಕ್ಷ್ಮಣರಾಯರು ಅದನ್ನು ಕಲಿತರು. ಮುಂದೆ ಮುಂಬಯಿಯ ವಿಕ್ಟೋರಿಯಾ ಜುಬಿಲಿ ತಾಂತ್ರಿಕ ಸಂಸ್ಥೆಯಲ್ಲಿ ಅದೇ ವಿಷಯದ ಶಿಕ್ಷಕರಾದರು.

ಶಿಕ್ಷಕರ ಕೆಲಸ ನಕ್ಷೆ ಕಲಿಸುವುದಷ್ಟೆ. ಆದರೆ ಅವರು ಬಿಡುವಿನ ವೇಳೆಯಲ್ಲಿ ಸಂಸ್ಥೆಯ ವರ್ಕ್‌ಶಾಪಿನಲ್ಲಿ ಇರುತ್ತಿದ್ದರು. ಕಾಗದದ ಮೇಲೆ ತಾವು ಎಳೆದ ಗೆರೆ ಕಬ್ಬಿಣದಲ್ಲಿ ಹೇಗೆ ರೂಪ ತಾಳುತ್ತದೆ ಎಂಬುದನ್ನು ನೋಡುತ್ತ, ಕೈಯಾಡಿಸುತ್ತ ಕಲಿತರು. ಪಾಠ ಹೇಳುವ ಕುರ್ಚಿಯಲ್ಲಿ ಕೂತಿದ್ದರೂ ಕಲಿಯುವ ಚಟ ಬಿಡಲಿಲ್ಲ.

ಸೈಕಲ್ಲಿನ ಅಂಗಡಿ

ಆ ಕಾಲಕ್ಕೆ ಸೈಕಲ್ ಎಂದರೆ ಜನ ನಿಂತು ನೋಡುವ ವಸ್ತು. ಎರಡೇ ಗಾಲಿಯ ಮೇಲೆ ಮನುಷ್ಯ ಬೀಳದೆ ಹೋಗುವುದನ್ನು ಕಂಡ ಲಕ್ಷ್ಮಣರಾಯರು ತಾವೂ ಸವಾರಿ ಕಲಿತರು, ಅದನ್ನು ಬಿಚ್ಚಿ ಜೋಡಿಸುವುದನ್ನೂ ಕಲಿತರು. 1888ರಲ್ಲಿ ಅಣ್ಣ ತಮ್ಮಂದಿರು ಬೆಳಗಾವಿಯಲ್ಲಿ ಕಿರ್ಲೋಸ್ಕರ ಬ್ರದರ್ಸ್ ಎಂಬ ಹೆಸರಿನಲ್ಲಿ ಸೈಕಲ್ ಅಂಗಡಿ ತೆರೆದರು. ತಮ್ಮ ಮುಂಬಯಿಯಲ್ಲಿ ಸೈಕಲ್ ಕೊಂಡು ಕಳಿಸುವುದು, ಅಣ್ಣ ಇಲ್ಲಿ ಮಾರುವುದು. ಒಂದು ಸೈಕಲ್ಲಿಗೆ 700ರಿಂದ 1,000 ರೂಪಾಯಿ. ಸವಾರಿ ಕಲಿಸುವುದಕ್ಕೆ ಬೇರೆ 15 ರೂಪಾಯಿ. ಬೆಳಗಾವಿಯಲ್ಲಿ ಕಿರ್ಲೋಸ್ಕರ ರಸ್ತೆ ಎಂಬ ಹೆಸರು ಇಂದಿಗೂ ಉಳಿದಿದೆ.

ಮುಂಬಯಿಯ ನೌಕರಿಯಲ್ಲಿ ತಮಗೆ ಬರಬೇಕಾಗಿದ್ದ ಬಡ್ತಿ ಆಂಗ್ಲೋ ಇಂಡಿಯನ್ ಒಬ್ಬರಿಗೆ ಹೋದಾಗ ಲಕ್ಷ್ಮಣರಾಯರು ರಾಜೀನಾಮೆ ಕೊಟ್ಟು ಬೆಳಗಾವಿಗೆ ಬಂದುಬಿಟ್ಟರು. ಸೈಕಲ್ ರಿಪೇರಿಯ ಜೊತೆಗೆ ಚಿಕ್ಕದೊಂದು ಕಾರ್ಖಾನೆ ಶುರುವಾಯಿತು. ಅಲ್ಲಿ ತಯಾರಾದ ಮೊದಲ ಸಾಮಾನುಗಳಲ್ಲಿ ಒಂದು ಮೇವು ಕತ್ತರಿಸುವ ಯಂತ್ರ. ಜೋಳದ ಕಣಿಕೆಯನ್ನು ಇಡಿಯಾಗಿ ಹಾಕಿದರೆ ಎತ್ತು ಎಲೆಯನ್ನೂ ತುದಿಯನ್ನೂ ತಿಂದು ಬುಡದ ದಂಟನ್ನು ತುಳಿದು ಹಾಳು ಮಾಡುತ್ತದೆ. ಕತ್ತರಿಸಿ ಹಾಕಿದರೆ ಅದೇ ಕಣಿಕೆ ಹೆಚ್ಚು ದಿನ ಬರುತ್ತದೆ. ಬರಗಾಲದ ಸೀಮೆಯಲ್ಲಿ ಇದರ ಬೆಲೆ ಏನೆಂದು ನಿಮಗೆ ಹೇಳಬೇಕಾಗಿಲ್ಲ.

ಮಾರಾಟವಾಗದ ನೇಗಿಲು

ಇನ್ನು ನೇಗಿಲಿನ ವಿಷಯಕ್ಕೆ ಬರೋಣ. ಅಂದು ನಮ್ಮ ರೈತರ ಕೈಯಲ್ಲಿದ್ದುದು ಮರದ ನೇಗಿಲು. ಅದು ಮಣ್ಣನ್ನು ಸೀಳುತ್ತದೆ, ಮಗುಚುವುದಿಲ್ಲ. ಎರೆ ಭೂಮಿಯಲ್ಲಿ ಕರಿಕೆ ಬೇರೂರಿದರೆ ಮರದ ನೇಗಿಲಿಗೆ ಜಗ್ಗುವುದಿಲ್ಲ. ಇಂಗ್ಲೆಂಡಿನಿಂದ ಬರುತ್ತಿದ್ದ ಕಬ್ಬಿಣದ ನೇಗಿಲುಗಳು ಮಣ್ಣನ್ನು ಮಗುಚಿ ಹಾಕುತ್ತಿದ್ದವು. ಲಕ್ಷ್ಮಣರಾಯರು ಅಂಥ ನೇಗಿಲನ್ನು ಕಂಡು, ಅದರ ಭಾಗಗಳನ್ನು ಅಭ್ಯಾಸ ಮಾಡಿ, ಇದನ್ನು ಇಲ್ಲಿಯೇ ಮಾಡಲು ಏಕೆ ಆಗದು ಎಂದು ಕೈ ಹಾಕಿದರು. 1903ರಲ್ಲಿ ಅವರ ನೇಗಿಲು ಸಿದ್ಧವಾಯಿತು.

ಸಿದ್ಧವಾಯಿತು, ಆದರೆ ಕೊಳ್ಳುವವರಿಲ್ಲ. ಕಬ್ಬಿಣ ತಗುಲಿದರೆ ಭೂಮಿಗೆ ವಿಷವೇರುತ್ತದೆ ಎಂಬುದು ಆಗಿನ ರೈತರ ನಂಬಿಕೆ. ಮೊದಲ ನೇಗಿಲು ಮಾರಾಟವಾಗುವುದಕ್ಕೆ ಎರಡು ವರ್ಷ ಹಿಡಿಯಿತು. ಎರಡು ವರ್ಷ ಮಾಡಿಟ್ಟ ಮಾಲನ್ನು ನೋಡುತ್ತ ಕೂತ ಚಿಕ್ಕ ಕಾರ್ಖಾನೆಯ ಗತಿ ಏನಾಗಿರಬೇಕು, ನೀವೇ ಊಹಿಸಿ.

ಈ ನಂಬಿಕೆಯನ್ನು ಕೇಳಿ ಇಂದು ನಗುವುದು ಸುಲಭ. ಆದರೆ ರೈತನ ಅನುಮಾನಕ್ಕೆ ಬೇರೆ ಕಾರಣಗಳೂ ಇದ್ದವು. ಮರದ ನೇಗಿಲನ್ನು ಊರ ಬಡಿಗ ಮಾಡಿಕೊಡುತ್ತಿದ್ದ, ಸುಗ್ಗಿಯಲ್ಲಿ ಆಯ ಕೊಟ್ಟರೆ ಮುಗಿಯಿತು. ಕಬ್ಬಿಣದ ನೇಗಿಲಿಗೆ ರೊಕ್ಕ ಎಣಿಸಬೇಕು. ಅದು ಭಾರ, ಎತ್ತು ಜಗ್ಗಬೇಕು. ಹೊಲದ ನಡುವೆ ಮುರಿದರೆ ಬಿಡಿಭಾಗ ಎಲ್ಲಿಂದ ತರುವುದು? ತಜ್ಞನಾದವನು ರೈತನಿಗೆ ತಿಳಿವಳಿಕೆ ಇಲ್ಲ ಎಂದು ಹೇಳಿ ಸುಮ್ಮನಾಗಬಹುದಿತ್ತು. ಕಲಿಯುವವನಿಗೆ ಆ ಸೌಕರ್ಯವಿಲ್ಲ. ರೈತ ಬೇಡ ಎಂದಾಗ ಏಕೆ ಬೇಡ ಎಂದು ಅವನನ್ನೇ ಕೇಳಬೇಕು.

ಎರಕದ ನೇಗಿಲಿನಲ್ಲಿ ಎಲ್ಲಕ್ಕಿಂತ ತೊಡಕಿನ ಭಾಗ ಗುಳ. ಕಲ್ಲು ಮಣ್ಣಿನಲ್ಲಿ ತಿಕ್ಕಿ ತಿಕ್ಕಿ ಮೊದಲು ಸವೆಯುವುದು ಅದೇ. ನೋಡುವುದಕ್ಕೆ ವಿಲಾಯಿತಿ ಗುಳದಂತೆಯೇ ಇದ್ದರೂ ಎರಕದ ಗುಟ್ಟು ತಿಳಿಯದಿದ್ದರೆ ಬೇಗ ಮೊಂಡಾಗುತ್ತದೆ. ಕರಗಿದ ಕಬ್ಬಿಣ ಮರಳಿನ ಅಚ್ಚಿನಲ್ಲಿ ನಿಧಾನವಾಗಿ ಆರಿದರೆ ಮೆತ್ತಗಿರುತ್ತದೆ. ತುದಿಯ ಕಡೆ ತಣ್ಣನೆಯ ಕಬ್ಬಿಣದ ತುಂಡನ್ನಿಟ್ಟು ಬೇಗ ಆರಿಸಿದರೆ ಆ ತುದಿ ಬಹಳ ಗಟ್ಟಿಯಾಗುತ್ತದೆ. ಇಂಥ ಸಂಗತಿಗಳನ್ನು ಬೆಳಗಾವಿಯಲ್ಲಿ ಅಂದು ಕಲಿಸುವವರಿರಲಿಲ್ಲ. ವಿದೇಶದಿಂದ ಬರುವ ಪತ್ರಿಕೆ, ಯಂತ್ರಗಳ ಕ್ಯಾಟಲಾಗು ಓದಬೇಕು, ಎರಕ ಹೊಯ್ದು ನೋಡಬೇಕು, ಒಡೆದು ನೋಡಬೇಕು, ಮತ್ತೆ ಹೊಯ್ಯಬೇಕು. ಲಕ್ಷ್ಮಣರಾಯರ ಕಾಲೇಜು ಇದೇ.

ಪಾಪಸುಕಳ್ಳಿಯ ಬಯಲಿನಲ್ಲಿ ಕಾರ್ಖಾನೆ

ವ್ಯಾಪಾರ ಕುದುರುವ ಹೊತ್ತಿಗೆ ಇನ್ನೊಂದು ಪೆಟ್ಟು ಬಿತ್ತು. ಊರು ಬೆಳೆಸುವ ಯೋಜನೆಗಾಗಿ ಬೆಳಗಾವಿಯ ಪುರಸಭೆ ಕಾರ್ಖಾನೆಯ ಜಾಗವನ್ನು ತೆರವು ಮಾಡಲು ಹೇಳಿತು. ಆಗ ನೆರವಿಗೆ ಬಂದವರು ಔಂಧ ಸಂಸ್ಥಾನದ ರಾಜರಾದ ಭವಾನರಾವ್ ಪಂತ ಪ್ರತಿನಿಧಿಯವರು. ಔಂಧದಲ್ಲಿ ಸಭಾಮಂಟಪವೊಂದನ್ನು ಕಟ್ಟುವ ಕೆಲಸವನ್ನು ಲಕ್ಷ್ಮಣರಾಯರಿಗೆ ವಹಿಸಿದರು. ಆಮೇಲೆ ಸಂಸ್ಥಾನದಲ್ಲಿಯೇ ಕಾರ್ಖಾನೆಗೆ ಜಾಗವನ್ನೂ ಸಾಲವನ್ನೂ ಕೊಟ್ಟರು.

ಲಕ್ಷ್ಮಣರಾಯರು ಆರಿಸಿಕೊಂಡದ್ದು ಕುಂಡಲ ರೋಡ್ ಎಂಬ ರೈಲು ನಿಲ್ದಾಣದ ಹತ್ತಿರದ ಸುಮಾರು 32 ಎಕರೆ ಬಂಜರು. ಪಾಪಸುಕಳ್ಳಿ ತುಂಬಿದ, ನಾಗರಹಾವು ಹರಿದಾಡುವ, ನೀರಿಲ್ಲದ ಬಯಲು. ಆದರೆ ರೈಲು ಹತ್ತಿರವಿತ್ತು. ಕಬ್ಬಿಣ, ಕಲ್ಲಿದ್ದಲು ತರಿಸುವುದಕ್ಕೂ ನೇಗಿಲು ಕಳಿಸುವುದಕ್ಕೂ ರೈಲು ಬೇಕು. 1910ರಲ್ಲಿ ಇಪ್ಪತ್ತೈದು ಕೆಲಸಗಾರರು ಮತ್ತು ಅವರ ಸಂಸಾರದೊಡನೆ ಅಲ್ಲಿ ನೆಲೆಯೂರಿದರು. ಅದೇ ಕಿರ್ಲೋಸ್ಕರವಾಡಿ. ಇಂದು ಅದು ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯಲ್ಲಿದೆ. ರೈಲು ನಿಲ್ದಾಣಕ್ಕೂ ಅದೇ ಹೆಸರು.

ಅಲ್ಲಿ ಲಕ್ಷ್ಮಣರಾಯರು ಕೂಡಿಸಿದ ಜನ ಯಾರು ಎಂಬುದನ್ನು ನೀವು ಗಮನಿಸಬೇಕು. ಶಂಭುಅಣ್ಣ ಜಾಂಭೇಕರರಿಗೆ ಓದು ಕಡಿಮೆ, ಆದರೆ ಯಂತ್ರದ ಕೆಲಸದಲ್ಲಿ ಅವರು ಇಂಜಿನಿಯರರೇ ಆದರು. ಅನಂತರಾವ್ ಫಳಣೀಕರರು ಶಾಲೆಯಲ್ಲಿ ಹಿಂದೆ ಬಿದ್ದವರು, ಕಾರ್ಖಾನೆಯಲ್ಲಿ ಹೊಸದನ್ನು ಕಟ್ಟುವುದರಲ್ಲಿ ಮುಂದೆ. ಮಂಗೇಶರಾವ್ ರೇಗೆಯವರು ಗುಮಾಸ್ತರೂ ಹೌದು, ಲೆಕ್ಕಿಗರೂ ಹೌದು. ಊರು ಕಟ್ಟುವ, ನಡೆಸುವ ಹೊಣೆ ರಾಮುಅಣ್ಣನವರದು. ಒಂದು ಕಾಲಕ್ಕೆ ದರೋಡೆಗೆ ಹೆಸರಾದವರು ಅಲ್ಲಿ ಕಾವಲುಗಾರರಾದರು, ನಂಬಿಕೆಯವರೂ ಆದರು. ಅಸ್ಪೃಶ್ಯತೆಗೆ ಆ ಊರಿನಲ್ಲಿ ಜಾಗವಿರಲಿಲ್ಲ. ಮನುಷ್ಯ ಏನು ಕಲಿತು ಬಂದಿದ್ದಾನೆ ಎಂಬುದಕ್ಕಿಂತ ಇಲ್ಲಿ ಏನು ಕಲಿತಾನು ಎಂಬುದನ್ನು ನೋಡಿ ಕೆಲಸ ಕೊಟ್ಟ ರೀತಿ ಇದು.

1914ರಲ್ಲಿ ಮೊದಲ ಮಹಾಯುದ್ಧ ಬಂತು. ವಿಲಾಯಿತಿ ನೇಗಿಲು ಬರುವುದು ಕಡಿಮೆಯಾಗಿ ಸ್ವದೇಶಿ ನೇಗಿಲಿಗೆ ಬೇಡಿಕೆ ಏರಿತು. ಆದರೆ ಕಬ್ಬಿಣವೂ ಕಲ್ಲಿದ್ದಲೂ ಸಿಗದಾದವು. ಕಟ್ಟಿಗೆಯ ಇದ್ದಿಲು ಉರಿಸಿ, ಹಳೆಯ ಕಬ್ಬಿಣ ಹುಡುಕಿ ಕುಲುಮೆ ನಡೆಸಿದರು. ಇದ್ದಿಲಿನಿಂದ ಎರಕ ಹೊಯ್ಯುವುದು ಎಷ್ಟು ಕಷ್ಟ ಎಂದು ಬಲ್ಲವನು ಬೇಡ ಎನ್ನುತ್ತಿದ್ದ. ಇವರು ಮಾಡಿ ನೋಡಿ ತಿಳಿದುಕೊಂಡರು.

1920ರಲ್ಲಿ ಕಿರ್ಲೋಸ್ಕರ ಬ್ರದರ್ಸ್ ಲಿಮಿಟೆಡ್ ಕಂಪನಿಯಾಯಿತು. ನೇಗಿಲು, ಮೇವಿನ ಯಂತ್ರಗಳ ಜೊತೆಗೆ ಕಬ್ಬಿನ ಗಾಣ, ನೆಲಗಡಲೆ ಸುಲಿಯುವ ಯಂತ್ರ ಬಂದವು. 1926ರಲ್ಲಿ ನೀರೆತ್ತುವ ಸೆಂಟ್ರಿಫ್ಯೂಗಲ್ ಪಂಪು ತಯಾರಾಯಿತು. ಇಂದು ನಿಮ್ಮ ಬಾವಿಯ ಮೇಲಿರುವುದು ಆ ಪಂಪಿನ ಸಂತಾನವೇ.

ತಜ್ಞತೆ ಬೇಡವೇ?

ಇಷ್ಟು ಓದಿದ ಮೇಲೆ ನೀವು ಕೇಳಬಹುದು, ಹಾಗಾದರೆ ಓದು ಬೇಡವೇ, ತಜ್ಞರು ಬೇಡವೇ ಎಂದು. ಲಕ್ಷ್ಮಣರಾಯರು ಹಾಗೆ ತಿಳಿಯಲಿಲ್ಲ. ತಮ್ಮ ಮಗ ಶಂತನುರಾಯರನ್ನು ಅಮೆರಿಕೆಯ ಮೆಸಾಚುಸೆಟ್ಸ್ ತಾಂತ್ರಿಕ ಸಂಸ್ಥೆಗೆ ಕಳಿಸಿ ಇಂಜಿನಿಯರಿಂಗ್ ಓದಿಸಿದರು. ಮಗ 1926ರಲ್ಲಿ ಮರಳಿ ಬಂದು ಕಾರ್ಖಾನೆಯ ಕೆಲಸಕ್ಕೆ ಸೇರಿದರು. ಕುತೂಹಲದಿಂದ ಕಟ್ಟಿದ್ದನ್ನು ದೊಡ್ಡದು ಮಾಡಲು ಓದಿದ ವಿದ್ಯೆ ಬೇಕು ಎಂಬುದು ತಂದೆಗೆ ತಿಳಿದಿತ್ತು. ತಮಗೆ ಯಾವುದು ಗೊತ್ತಿಲ್ಲ ಎಂದು ಅರಿತವರಿಗೆ ಮಾತ್ರ ಬಲ್ಲವರನ್ನು ಹುಡುಕುವ ಬುದ್ಧಿ ಬರುತ್ತದೆ.

ತೊಂದರೆ ಇರುವುದು ವಿದ್ಯೆಯಲ್ಲಲ್ಲ, ವಿದ್ಯೆ ಬಂದ ಮೇಲೆ ಕೇಳುವುದನ್ನು ನಿಲ್ಲಿಸುವುದರಲ್ಲಿ. ಇದಕ್ಕೆ ದೂರ ಹೋಗಬೇಕಿಲ್ಲ, ನನ್ನ ಮಾತನ್ನೇ ಹೇಳುತ್ತೇನೆ. ನಾನು ಕೃಷಿ ಪದವೀಧರ. ನೌಕರಿಗೆ ಸೇರಿದ ಹೊಸತರಲ್ಲಿ ಒಂದು ಹಳ್ಳಿಯಲ್ಲಿ ಬೀಜ ಗೊಬ್ಬರ ಕೂಡಿ ಬಿತ್ತುವ ಕೂರಿಗೆಯ ಪ್ರಾತ್ಯಕ್ಷಿಕೆ ಇಟ್ಟಿದ್ದೆ. ಸಾಲಿನ ಆರಂಭದಲ್ಲಿ ಬೀಜ ಬೀಳುತ್ತಿರಲಿಲ್ಲ. ಕೊಳವೆ ಮತ್ತೆ ಮತ್ತೆ ಮಣ್ಣು ಕಟ್ಟುತ್ತಿತ್ತು. ಹಸಿ ಹೆಚ್ಚಾಗಿದೆ ಎಂದು ನಾನು ಓದಿದ ಉತ್ತರವನ್ನು ಹೇಳಿ ಮುಂದೆ ನಡೆದೆ. ಗುಂಪಿನಲ್ಲಿದ್ದ ಊರ ಕಮ್ಮಾರ ಮಾತ್ರ ನೆಲದ ಮೇಲೆ ಮಂಡಿಯೂರಿ ಎರಡು ಸಾಲು ನೋಡಿದ. ಎತ್ತು ನಿಂತಿರುವಾಗಲೇ ಕೂರಿಗೆಯನ್ನು ಇಳಿಸಿ ಅದುಮುತ್ತಿದ್ದುದರಿಂದ ಕೊಳವೆಯ ಬಾಯಿಗೆ ಮಣ್ಣು ಹೊಗುತ್ತಿತ್ತು. ಎತ್ತು ಹೆಜ್ಜೆ ಇಟ್ಟ ಮೇಲೆ ಇಳಿಸಲು ಹೇಳಿದ. ಬೀಜ ಸರಿಯಾಗಿ ಬಿತ್ತು. ನನಗಿಂತ ಅವನಿಗೆ ಹೆಚ್ಚು ಗೊತ್ತಿರಲಿಲ್ಲ. ಅವನು ನೋಡಿದ, ನಾನು ನೋಡಲಿಲ್ಲ. ಅಂದಿನಿಂದ ಹೊಲಕ್ಕೆ ಹೋದರೆ ಉತ್ತರ ಹೇಳುವ ಮೊದಲು ಮಂಡಿಯೂರಿ ನೋಡುವ ರೂಢಿ ಮಾಡಿಕೊಂಡಿದ್ದೇನೆ.

ನಿಮ್ಮ ಊರಿನಲ್ಲಿ

ಈಗ ನಿಮ್ಮ ಸಂಘದ ಮಾತಿಗೆ ಬರೋಣ. ಅಧ್ಯಕ್ಷರನ್ನು ಆರಿಸುವಾಗ ಎಲ್ಲ ಬಲ್ಲೆ ಎನ್ನುವವರ ಕಡೆಗೆ ಕೈ ಹೋಗುವುದು ಸಹಜ. ಒಮ್ಮೆ ಈ ರೀತಿ ಪರೀಕ್ಷಿಸಿ. ಕಳೆದ ವರ್ಷ ಸಂಘಕ್ಕೆ ನಷ್ಟ ಏಕಾಯಿತು ಎಂದು ಅವರು ಯಾರನ್ನಾದರೂ ಕೇಳಿದ್ದಾರೆಯೇ? ಹಾಲು ಹಾಕುವುದನ್ನು ಬಿಟ್ಟ ಸದಸ್ಯರ ಮನೆಗೆ ಹೋಗಿ ಕಾರಣ ತಿಳಿದಿದ್ದಾರೆಯೇ? ತೂಕದ ಯಂತ್ರ ಹೇಗೆ ನಡೆಯುತ್ತದೆ, ಪೇಟೆಯಲ್ಲಿ ದರ ಹೇಗೆ ಕಟ್ಟುತ್ತಾರೆ ಎಂದು ನಿಂತು ನೋಡಿದ್ದಾರೆಯೇ? ಇಂಥವರು ಹೆಚ್ಚು ಓದಿರದಿದ್ದರೂ ಸಂಘವನ್ನು ದಡ ಮುಟ್ಟಿಸಬಲ್ಲರು. ಕೇಳದವರು ಎಷ್ಟೇ ಓದಿದ್ದರೂ ನಿನ್ನೆಯ ಲೆಕ್ಕದಲ್ಲಿ ಇಂದಿನ ವ್ಯಾಪಾರ ಮಾಡುತ್ತಾರೆ.

ಹೊಸ ಯಂತ್ರ ಕೊಳ್ಳುವಾಗಲೂ ಇದೇ ಮಾತು. ಮಾರುವವರ ಮಾತಿಗಿಂತ ಅದನ್ನು ಕೊಂಡು ಎರಡು ಹಂಗಾಮು ಕಳೆದವರ ಮಾತು ಕೇಳಿ. ಕೊಂಡು ಮೂಲೆಗೆ ಹಾಕಿದವರನ್ನು ತಪ್ಪದೆ ಕೇಳಿ. ಬೇಗ ಸವೆಯುವ ಭಾಗ ಯಾವುದು, ಅದು ನಿಮ್ಮ ತಾಲ್ಲೂಕಿನಲ್ಲಿ ಸಿಗುತ್ತದೆಯೇ ಎಂದು ನೋಡಿ. ಒಂದು ಎಕರೆಯಲ್ಲಿ ಮಾಡಿ ನೋಡಿ, ಖರ್ಚು ಬರೆದಿಡಿ, ಆಮೇಲೆ ಹತ್ತು ಎಕರೆಯ ಮಾತು.

ಮನೆಯಲ್ಲಿ ಪರೀಕ್ಷೆಯಲ್ಲಿ ನಪಾಸಾದ, ಆದರೆ ಪಂಪು ಬಿಚ್ಚಿ ಕೂರುವ ಮಗನೋ ಮಗಳೋ ಇದ್ದರೆ ಗದರಿಸುವ ಮೊದಲು ರಾಮುಅಣ್ಣನವರನ್ನು ನೆನೆಯಿರಿ. ಲಕ್ಷ್ಮಣರಾಯರ ಹಿಂದೆ ನಂಬಿ ನಿಂತ ಒಬ್ಬ ಅಣ್ಣ ಇರದಿದ್ದರೆ ಈ ಕಥೆ ಜೆ. ಜೆ. ಶಾಲೆಯ ಬಾಗಿಲಲ್ಲೇ ಮುಗಿಯುತ್ತಿತ್ತು. ಬಿಚ್ಚಿದ್ದನ್ನು ಮತ್ತೆ ಜೋಡಿಸಿಯೇ ಏಳಬೇಕು ಎಂಬ ಒಂದು ಕಟ್ಟಳೆ ಹಾಕಿ, ಸಾಕು.

ಕಿರ್ಲೋಸ್ಕರ ಬಳಗ 1941ರಲ್ಲಿ ನಮ್ಮ ಹರಿಹರದಲ್ಲಿಯೂ ಲೇತ್ ಯಂತ್ರಗಳ ಕಾರ್ಖಾನೆ ತೆರೆಯಿತು. ಅದು ಬಹಳ ವರ್ಷ ನಡೆದು, ಅನೇಕರಿಗೆ ಕಸುಬು ಕಲಿಸಿ, ಕೊನೆಗೆ ಮುಚ್ಚಿತು. ದೊಡ್ಡ ಹೆಸರು ಇದ್ದ ಮಾತ್ರಕ್ಕೆ ಉದ್ಯಮ ಉಳಿಯುವುದಿಲ್ಲ ಎಂಬುದಕ್ಕೆ ಅದೂ ಒಂದು ಪಾಠ.

ಲಕ್ಷ್ಮಣರಾಯರು 1956ರ ಸೆಪ್ಟೆಂಬರ್ 26ರಂದು ಪುಣೆಯಲ್ಲಿ ತೀರಿಕೊಂಡರು. ಅವರ ಜನ್ಮಶತಮಾನದ ವರ್ಷವಾದ 1969ರಲ್ಲಿ ಭಾರತ ಸರ್ಕಾರ ಅವರ ಹೆಸರಿನಲ್ಲಿ ಅಂಚೆ ಚೀಟಿ ಹೊರಡಿಸಿತು. ಕಬ್ಬಿಣ ತಗುಲಿದರೆ ಭೂಮಿ ಕೆಡುತ್ತದೆ ಎಂದವರ ಮೊಮ್ಮಕ್ಕಳು ಇಂದು ಟ್ರ್ಯಾಕ್ಟರಿನ ಹಿಂದೆ ಕಬ್ಬಿಣದ ನೇಗಿಲು ಕಟ್ಟಿ ಉಳುತ್ತಿದ್ದಾರೆ.

ಈ ವಾರ ನಿಮ್ಮ ಹೊಲದಲ್ಲಿ ಅಥವಾ ಸಂಘದಲ್ಲಿ ಬಹಳ ದಿನದಿಂದ ಹೀಗೇ ಎಂದು ನಡೆದುಬಂದ ಯಾವುದಾದರೂ ಒಂದು ಕೆಲಸವನ್ನು ಆರಿಸಿ, ಅದು ಏಕೆ ಹೀಗೆ ಎಂದು ಕೇಳಿ ನೋಡಿ. ಉತ್ತರ ಸಿಕ್ಕರೆ ಲಾಭ. ಸಿಗದಿದ್ದರೆ ಅಲ್ಲಿ ಹೊಸದೊಂದು ದಾರಿ ಇದೆಯೋ ಎಂದು ಹುಡುಕಲು ತೊಡಗಿ.